ಚೀಟಿಯಲ್ಲಿ ಕಮ್ಮಿ ಬರೆಯುವ ಡಾಕ್ಟರು: ನಮ್ಮ ಬಡಾವಣೆಯ ಕ್ಲಿನಿಕ್, ಮೂರು ವರ್ಷದ ಅನುಭವ

ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ಡಾಕ್ಟರು ಬಿಪಿ ನೋಡಿದರು, ಎದೆ ಬೆನ್ನು ಎಲ್ಲಾ ಕೇಳಿದರು, ಆಮೇಲೆ ಚೀಟಿ ಬರೆಯಲೇ ಇಲ್ಲ. "ಅಮ್ಮಾ, ನಾಳೆ ಬರುವಾಗ ಮನೇಲಿರೋ ಮಾತ್ರೆ ಎಲ್ಲಾ ತಗೊಂಡು ಬನ್ನಿ. ತಗೊಳ್ತಿರೋದು, ನಿಲ್ಲಿಸಿರೋದು, ಹಳೇದು, ಯಾವುದನ್ನೂ ಬಿಡಬೇಡಿ" ಅಂದರು. ಮುಕ್ಕಾಲು ಗಂಟೆ ಕಾದಿದ್ದೆವು. ನನಗೆ ಸ್ವಲ್ಪ ಸಿಟ್ಟೇ ಬಂತು. ಇವತ್ತಿಗೆ ಮೂರು ವರ್ಷ ಆಯಿತು, ಈಗ ನಮ್ಮ ಮನೆಯ ಐದೂ ಜನಕ್ಕೆ ಇದೇ ಕ್ಲಿನಿಕ್.

ಮೈಸೂರಿನಲ್ಲಿ ನಮ್ಮ ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ, ಹಳೆಯ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಡೆಯುವ ಕ್ಲಿನಿಕ್ ಇದು. ಡಾಕ್ಟರನ್ನು ಕೇಳದೆ ಅವರ ಹೆಸರು ಹಾಕುವುದು ಸರಿ ಅಲ್ಲ, ಹಾಗಾಗಿ ಹಾಕುತ್ತಿಲ್ಲ. ಆದರೆ ಒಬ್ಬ ಫ್ಯಾಮಿಲಿ ಡಾಕ್ಟರು ದಿನಾ ಮಾಡುವ ಸಣ್ಣ ಸಣ್ಣ ಕೆಲಸದಲ್ಲಿ ಗಾಳಿ, ನೀರು, ಮಣ್ಣಿಗೆ ಎಷ್ಟು ಉಪಕಾರ ಆಗಬಹುದು ಅಂತ ನಾನು ಕಣ್ಣಾರೆ ನೋಡಿದ್ದು ಇಲ್ಲೇ. ಅದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಮಾತ್ರೆ ಡಬ್ಬದ ಕಥೆ ಮುಗಿಸಿಬಿಡುತ್ತೇನೆ. ಮಾರನೇ ದಿನ ಅಮ್ಮ ಹಳೆಯ ಬಿಸ್ಕೆಟ್ ಡಬ್ಬವನ್ನೇ ಹಿಡಿದುಕೊಂಡು ಬಂದರು. ಡಾಕ್ಟರು ಮೇಜಿನ ಮೇಲೆ ಪೇಪರ್ ಹಾಸಿ ಡಬ್ಬ ಬೋರಲು ಹಾಕಿದರು. ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳು, ಹೆಸರು ಅಳಿಸಿಹೋದವು, ಎರಡು ಕೆಮ್ಮಿನ ಸಿರಪ್, ಒಂದು ನೋವಿನ ಜೆಲ್, ಮೂರು ಇನ್ಹೇಲರ್ ಪಂಪು. ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿದರು. ಗ್ಯಾಸ್ಟ್ರಿಕ್‌ಗೆ ಅಂತ ಅಮ್ಮ ಎರಡು ಮಾತ್ರೆ ನುಂಗುತ್ತಿದ್ದರು, ಕಂಪನಿ ಹೆಸರು ಬೇರೆ ಬೇರೆ, ಒಳಗಿರುವುದು ಎರಡರಲ್ಲೂ ಪ್ಯಾಂಟೊಪ್ರಜೋಲ್. ಬಿಪಿಗೆ ಕೊಟ್ಟಿದ್ದ ಆಮ್ಲೋಡಿಪಿನ್‌ನಿಂದ ಕಾಲು ಊದಿಕೊಂಡಿತ್ತು, ಆ ಊತಕ್ಕೆ ಇನ್ನೊಬ್ಬರು ನೀರು ಇಳಿಯುವ ಮಾತ್ರೆ ಕೊಟ್ಟಿದ್ದರು, ಅದರಿಂದ ಸುಸ್ತು ಅಂತ ಮತ್ತೊಬ್ಬರು ಟಾನಿಕ್ ಬರೆದಿದ್ದರು. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬಂದಿತ್ತು. ಡಾಕ್ಟರು ಬಿಪಿ ಮಾತ್ರೆಯನ್ನೇ ಬದಲಾಯಿಸಿದರು. ಎರಡು ವಾರಕ್ಕೆ ಊತ ಇಳಿಯಿತು, ನೀರಿನ ಮಾತ್ರೆ, ಟಾನಿಕ್ ಎರಡೂ ಬೇಕಾಗಲಿಲ್ಲ. ದಿನಕ್ಕೆ ಒಂಬತ್ತು ಮಾತ್ರೆ ಇದ್ದದ್ದು ನಾಲ್ಕಕ್ಕೆ ಬಂತು.

ಇದರಲ್ಲಿ ಪರಿಸರ ಎಲ್ಲಿ ಬಂತು ಅಂತ ಕೇಳಬಹುದು. ನನ್ನ ದೊಡ್ಡಪ್ಪನ ಮಗಳು ಬ್ರಿಟನ್‌ನಲ್ಲಿ ಫ್ಯಾಮಿಲಿ ಡಾಕ್ಟರು. ಇಂಗ್ಲೆಂಡ್‌ನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್, 2040ರೊಳಗೆ ತನ್ನ ನೇರ ಇಂಗಾಲದ ಹೊರೆಯನ್ನು, ಅಂದರೆ ತಾನು ಗಾಳಿಗೆ ಬಿಡುವ, ಭೂಮಿ ಬಿಸಿ ಮಾಡುವ ಅನಿಲಗಳನ್ನು, ನಿವ್ವಳ ಸೊನ್ನೆಗೆ ಇಳಿಸುತ್ತೇವೆ ಅಂತ 2020ರಲ್ಲೇ ಘೋಷಿಸಿದೆ. ಅಲ್ಲಿ ಲೆಕ್ಕ ಹಾಕಿ ನೋಡಿದಾಗ ಫ್ಯಾಮಿಲಿ ಡಾಕ್ಟರ ಕ್ಲಿನಿಕ್‌ನ ಇಂಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಅವರು ಬರೆಯುವ ಔಷಧಿಯಿಂದಲೇ ಅಂತ ಗೊತ್ತಾಯಿತಂತೆ. ದೀಪ, ಫ್ಯಾನು, ಕಾಗದ ಎಲ್ಲಾ ಆಮೇಲೆ. ಮಾತ್ರೆ ತಯಾರಾಗುವ ಕಾರ್ಖಾನೆ, ಅದಕ್ಕೆ ಬೇಕಾದ ನೀರು, ರಾಸಾಯನಿಕ, ಅಲ್ಯೂಮಿನಿಯಂ ಪ್ಯಾಕಿಂಗ್, ಲಾರಿ, ಇಷ್ಟೆಲ್ಲಾ ಒಂದು ಸ್ಟ್ರಿಪ್‌ನ ಹಿಂದೆ ಇದೆ ಅಲ್ವಾ. ಬೇಡದ ಮಾತ್ರೆ ಒಂದು ನಿಂತರೆ ಅದಷ್ಟೂ ಉಳಿಯುತ್ತದೆ, ಜೊತೆಗೆ ಅಮ್ಮನ ಹೊಟ್ಟೆಯೂ ತಣ್ಣಗಿರುತ್ತದೆ.

ಇನ್ನು ಇನ್ಹೇಲರ್ ವಿಷಯ. ಇದು ನನಗೆ ಗೊತ್ತೇ ಇರಲಿಲ್ಲ.

ಅಮ್ಮನಿಗೆ ಆಸ್ತಮಾ ಇಪ್ಪತ್ತು ವರ್ಷದಿಂದ ಇದೆ. ಒತ್ತಿದರೆ ಪುಸ್ ಅಂತ ಬರುವ ಪಂಪನ್ನೇ ಬಳಸುತ್ತಿದ್ದರು. ಆ ಪುಸ್ ಅನ್ನುವುದಕ್ಕೆ ಒಂದು ಗ್ಯಾಸ್ ಬೇಕು. ಹಿಂದೆ ಓಝೋನ್ ಪದರ ತಿನ್ನುವ ಸಿಎಫ್‌ಸಿ ಇರುತ್ತಿತ್ತು, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಮೆಲ್ಲಗೆ ಬಿಟ್ಟರು. ಈಗ ಹೆಚ್ಚಿನ ಪಂಪುಗಳಲ್ಲಿ ಇರುವುದು ಎಚ್‌ಎಫ್‌ಸಿ-134ಎ. ಓಝೋನ್‌ಗೆ ತೊಂದರೆ ಇಲ್ಲ, ಆದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಶಾಖ ಹಿಡಿದಿಡುತ್ತದೆ. 200 ಸಲ ಒತ್ತುವ ಒಂದು ಪಂಪು ಮುಗಿಯುವಷ್ಟರಲ್ಲಿ, ಅದರಲ್ಲಿ ಗ್ಯಾಸ್ ಎಷ್ಟಿದೆ ಅನ್ನುವುದರ ಮೇಲೆ, ಸುಮಾರು 10ರಿಂದ 28 ಕಿಲೋ ಇಂಗಾಲದ ಡೈ ಆಕ್ಸೈಡ್‌ಗೆ ಸಮ. ನಾನು ನನ್ನ ಸ್ಕೂಟರ್ ಲೆಕ್ಕ ಹಾಕಿ ನೋಡಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ. ನಡುವಿನದು ಅಂತ 18 ಕಿಲೋ ಹಿಡಿದರೂ ಎಂಟು ಲೀಟರ್ ಹತ್ತಿರ ಆಯಿತು. ಅಷ್ಟು ಪೆಟ್ರೋಲಿಗೆ ಮೈಸೂರಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದರೂ ಟ್ಯಾಂಕಿನಲ್ಲಿ ಉಳಿಯುತ್ತದೆ. ಅಂಗೈಯಲ್ಲಿ ಮುಚ್ಚಿಹೋಗುವ ಡಬ್ಬಿ ಅದು!

ಡಾಕ್ಟರು ಅಮ್ಮನಿಗೆ ಪುಡಿ ಎಳೆಯುವ ಇನ್ಹೇಲರ್ ಕೊಡಬಹುದಾ ಅಂತ ಪರೀಕ್ಷೆ ಮಾಡಿದರು. ನಮ್ಮ ಕಡೆ ರೋಟಾಹೇಲರ್ ಅಂತ ಸಿಗುತ್ತದಲ್ಲ, ಕ್ಯಾಪ್ಸೂಲ್ ಹಾಕಿ ತಿರುಗಿಸಿ ಬಾಯಿಂದ ಎಳೆಯುವುದು, ಅಂಥದ್ದು. ಅದಕ್ಕೆ ಗ್ಯಾಸ್ ಬೇಡ, ನಮ್ಮ ಉಸಿರೇ ಸಾಕು. ಆದರೆ ಎಳೆಯುವ ರೀತಿ ಪೂರ್ತಿ ಬೇರೆ. ಪಂಪನ್ನು ಒತ್ತಿ ನಿಧಾನಕ್ಕೆ, ಉದ್ದಕ್ಕೆ ಉಸಿರು ಎಳೆಯಬೇಕು. ಪುಡಿಯದ್ದಾದರೆ ಜೋರಾಗಿ, ಒಂದೇ ಸಲಕ್ಕೆ ಎಳೆಯಬೇಕು. ಅಮ್ಮ ಮೊದಲ ಸಲ ಮೆಲ್ಲಗೆ ಎಳೆದರು, ಪುಡಿ ಅರ್ಧ ಅಲ್ಲೇ ಉಳಿಯಿತು. "ಎಳನೀರಿನ ಕೊನೆ ಗುಟುಕು ಸ್ಟ್ರಾದಲ್ಲಿ ಎಳೀತೀರಲ್ಲ, ಅಷ್ಟು ಜೋರು" ಅಂತ ಡಾಕ್ಟರು ಹೇಳಿದ ಮೇಲೆ ಸರಿಯಾಯಿತು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲು ಹೇಳಿದರು, ಸ್ಟೀರಾಯ್ಡ್ ಇರುವುದರಿಂದ ಗಂಟಲಲ್ಲಿ ಬಿಳಿ ಹುಣ್ಣು ಆಗಬಾರದು ಅಂತ. ಈ ಎಲ್ಲದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಹೊರಗೆ ಹತ್ತು ಜನ ಕಾಯುತ್ತಿದ್ದರು. ಅವಸರ ಮಾಡಲಿಲ್ಲ.

ಒಂದು ಮಾತು ಸ್ಪಷ್ಟ ಹೇಳಬೇಕು. ಎಲ್ಲರಿಗೂ ಇದೇ ಆಗುತ್ತದೆ ಅಂತ ಅಲ್ಲ. ಕಳೆದ ಡಿಸೆಂಬರ್‌ನ ಚಳಿಯಲ್ಲಿ ಅಮ್ಮನಿಗೆ ಉಸಿರು ಸಿಕ್ಕಿಕೊಂಡಿತು, ಪುಡಿ ಎಳೆಯುವಷ್ಟು ಶಕ್ತಿಯೇ ಇರಲಿಲ್ಲ. ಡಾಕ್ಟರು ಒಂದು ಕ್ಷಣವೂ ಯೋಚನೆ ಮಾಡದೆ ಹಳೆಯ ಪಂಪನ್ನೇ ಸ್ಪೇಸರ್, ಅಂದರೆ ಪಂಪಿನ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ, ಹಾಕಿ ಕೊಟ್ಟರು. ಅದು ಈಗಲೂ ತುರ್ತಿಗೆ ಅಂತ ಮನೆಯಲ್ಲಿ ಇದೆ. ಸಣ್ಣ ಮಕ್ಕಳಿಗೂ ಅವರು ಪಂಪು ಮತ್ತು ಸ್ಪೇಸರ್ ಅನ್ನೇ ಕೊಡುತ್ತಾರೆ. ದಯವಿಟ್ಟು ಇದನ್ನು ಓದಿ ಯಾರೂ ಇನ್ಹೇಲರ್ ನಿಲ್ಲಿಸಬೇಡಿ, ನೀವೇ ಬದಲಾಯಿಸಲೂ ಬೇಡಿ. ಆಸ್ತಮಾ ಹತೋಟಿಯಲ್ಲಿದ್ದರೆ ತುರ್ತು ಪಂಪು ಒತ್ತುವುದೇ ಕಮ್ಮಿ ಆಗುತ್ತದೆ, ದೊಡ್ಡ ಉಳಿತಾಯ ಅದರಲ್ಲೇ ಇದೆ ಅಂತ ಡಾಕ್ಟರು ಪ್ರತಿ ಸಲ ಹೇಳುತ್ತಾರೆ. ಲೆಕ್ಕದ ಅಂಕಿ ಇಲ್ಲದ ಪಂಪಾದರೆ ಎಷ್ಟು ಸಲ ಒತ್ತಿದಿರಿ ಅಂತ ಕ್ಯಾಲೆಂಡರ್ ಮೇಲೆ ಗೀಟು ಹಾಕಿಡಿ ಅನ್ನುತ್ತಾರೆ, ಅರ್ಧ ತುಂಬಿರುವುದನ್ನೇ ಖಾಲಿ ಅಂತ ಎಸೆಯುವವರು ತುಂಬಾ ಜನ ಇದ್ದಾರಂತೆ.

ಕ್ಲಿನಿಕ್‌ನ ಗೋಡೆ ಮೇಲೆ ದೊಡ್ಡದೊಂದು ರಣಹದ್ದಿನ ಫೋಟೋ ಇದೆ. ಡಾಕ್ಟರ ಕೋಣೆಯಲ್ಲಿ ಹದ್ದು ಯಾಕೆ ಅಂತ ನಮ್ಮ ಮಗಳು ಕೇಳಿಯೇಬಿಟ್ಟಳು. ಆಗ ಅವರು ಡಬ್ಬದಲ್ಲಿದ್ದ ಡೈಕ್ಲೋಫಿನಾಕ್ ಜೆಲ್ ನೆನಪಿಸಿ ಹೇಳಿದ ವಿಷಯ ನನಗೆ ಮರೆಯುವುದಿಲ್ಲ. ನೋವಿಗೆ ನಾವು ನುಂಗುವ ಇದೇ ಔಷಧಿಯನ್ನು ದನಗಳಿಗೂ ಕೊಡುತ್ತಿದ್ದರು. ಆ ದನ ಸತ್ತರೆ ಅದನ್ನು ತಿಂದ ರಣಹದ್ದುಗಳ ಕಿಡ್ನಿ ಹೋಗಿ ಅವೂ ಸಾಯುತ್ತಿದ್ದವು. 2004ರಲ್ಲಿ ಕಾರಣ ಇದೇ ಅಂತ ಗೊತ್ತಾಗುವ ಹೊತ್ತಿಗೆ ದೇಶದಲ್ಲಿ ಕೆಲವು ಜಾತಿಯ ಹದ್ದುಗಳು ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಖಾಲಿಯಾಗಿದ್ದವು. 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು. ಆದರೂ ಮನುಷ್ಯರಿಗೆ ಅಂತ ಮಾರುವ ದೊಡ್ಡ ಇಂಜೆಕ್ಷನ್ ಬಾಟಲಿ ಕೊಟ್ಟಿಗೆಗೆ ಹೋಗುತ್ತಿತ್ತು. ಅದಕ್ಕೇ 2015ರಲ್ಲಿ ಮನುಷ್ಯರ ಬಾಟಲಿಯನ್ನು 3 ಮಿಲಿಲೀಟರ್‌ಗೆ, ಅಂದರೆ ಒಬ್ಬರಿಗೆ ಒಂದು ಸಲಕ್ಕೆ ಸಾಕಾಗುವಷ್ಟಕ್ಕೆ ಇಳಿಸಿದರು. ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ರಾಮನಗರದ ಬಂಡೆಗಳು ಕಾಣುತ್ತವಲ್ಲ, ಅಲ್ಲಿ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ, 2012ರಲ್ಲಿ ಅದನ್ನು ರಣಹದ್ದು ಧಾಮ ಅಂತ ಘೋಷಿಸಿದ್ದಾರೆ. ಈಗ ಆ ಕಡೆ ಹೋದಾಗೆಲ್ಲ ಮಗಳು ಕಿಟಕಿಯಿಂದ ತಲೆ ಎತ್ತಿ ಹುಡುಕುತ್ತಾಳೆ. ಇನ್ನೂ ಒಂದೂ ಕಂಡಿಲ್ಲ.

ಮಂಡಿ ನೋವಿಗೆ ಅಂತ ಬಂದವರಿಗೆ ಡಾಕ್ಟರು ಮೊದಲು ತೊಡೆಯ ವ್ಯಾಯಾಮ ಹೇಳಿಕೊಡುತ್ತಾರೆ. ನೋವಿನ ಮಾತ್ರೆ ದಿನಾ ತಿಂದರೆ ಬಿಪಿಗೂ ಕಿಡ್ನಿಗೂ ಒಳ್ಳೆಯದಲ್ಲ ಅಂತ ವಿವರಿಸುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅವರ ಚೀಟಿಯ ಮೊದಲ ಸಾಲಿನಲ್ಲೇ "ಕುಕ್ಕರಹಳ್ಳಿ ಕೆರೆ, ಬೆಳಿಗ್ಗೆ, ಒಂದು ಸುತ್ತು" ಅಂತ ಬರೆದಿದ್ದಾರೆ, ಕೆಳಗೆ ಮಾತ್ರೆ.

ಈಗ ಸ್ವಲ್ಪ ನೋವಿನ ವಿಷಯ. ಈ ಕ್ಲಿನಿಕ್ ಗೊತ್ತಾಗುವ ಮುಂಚೆ ನನ್ನ ತಂಗಿಯ ಮಗನಿಗೆ ಬೇಧಿ ಆಗಿ ಬೇರೊಂದು ಕಡೆ ಕರೆದುಕೊಂಡು ಹೋಗಿದ್ದೆವು. ಆರು ವರ್ಷದ ಹುಡುಗ. ನೀರು ಕುಡಿಯುತ್ತಿದ್ದ, ಬೆಂಚಿನ ಮೇಲೆ ಹತ್ತಿ ಇಳಿದು ಆಟ ಆಡುತ್ತಿದ್ದ. ಹೋದ ತಕ್ಷಣ ಮಲಗಿಸಿ ಡ್ರಿಪ್ ಹಾಕಿದರು. ನರ ಸಿಗದೆ ಎರಡು ಸಲ ಚುಚ್ಚಿದರು, ಅವನ ಕಿರುಚಾಟ ಈಗಲೂ ಕಿವಿಯಲ್ಲಿದೆ. ರಾತ್ರಿ ಅವನ ಪಕ್ಕ ಕೂತು ಕಸದ ಬುಟ್ಟಿ ನೋಡುತ್ತಿದ್ದೆ. ಎರಡು ಪ್ಲಾಸ್ಟಿಕ್ ಬಾಟಲಿ, ಉದ್ದದ ಕೊಳವೆ, ನಾಲ್ಕು ಸಿರಿಂಜು, ಗ್ಲೌಸು, ಕವರುಗಳು. ಎಲ್ಲಾ ಒಂದೇ ಬುಟ್ಟಿಯಲ್ಲಿ, ಊಟದ ಪೊಟ್ಟಣದ ಜೊತೆ.

ಮುಂದಿನ ವರ್ಷ ಅದೇ ಹುಡುಗನಿಗೆ ಮತ್ತೆ ಬೇಧಿ, ಈ ಸಲ ಇಲ್ಲಿಗೆ ಬಂದೆವು. ಡಾಕ್ಟರು ಹೊಟ್ಟೆಯ ಚರ್ಮ ಹಿಡಿದು ಬಿಟ್ಟು ನೋಡಿದರು, ನಾಲಿಗೆ ನೋಡಿದರು, ಅತ್ತರೆ ಕಣ್ಣೀರು ಬರುತ್ತಾ, ಉಚ್ಚೆ ಯಾವಾಗ ಹೊಯ್ದ ಅಂತ ಕೇಳಿದರು. ಒಆರ್‌ಎಸ್ ದೊಡ್ಡ ಪೊಟ್ಟಣ ಒಂದಕ್ಕೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಲೋಟಕ್ಕೆ ಸ್ವಲ್ಪ ಸ್ವಲ್ಪ ಪುಡಿ ಹಾಕಿ ಕಲಸಬೇಡಿ, ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿ ಅಂದರು. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಚಮಚ ಗೋಪುರ ತುಂಬಬಾರದು, ಸಮ ಇರಬೇಕು. ಜೊತೆಗೆ ಹದಿನಾಲ್ಕು ದಿನ ಜಿಂಕ್. ಗಂಜಿ, ಮಜ್ಜಿಗೆ ಕೊಡಿ. ಕುಡಿದದ್ದೆಲ್ಲಾ ವಾಂತಿಯಾದರೆ, ತೂಕಡಿಸಿದರೆ, ಉಚ್ಚೆ ನಿಂತರೆ, ರಕ್ತ ಕಂಡರೆ ರಾತ್ರಿ ಆದರೂ ಆಸ್ಪತ್ರೆಗೆ ಓಡಿ, ಆಗ ಡ್ರಿಪ್ ಬೇಕೇ ಬೇಕು ಅಂತ ಎರಡೆರಡು ಸಲ ಹೇಳಿದರು. ಎರಡು ದಿನಕ್ಕೆ ಹುಡುಗ ಗುಣವಾದ. ನಾವು ಎಸೆದ ಕಸ ಅಂದರೆ ಮೂರು ಪೊಟ್ಟಣದ ಕವರು.

ಆಂಟಿಬಯೋಟಿಕ್ ವಿಷಯದಲ್ಲೂ ಹೀಗೇ. ನೆಗಡಿಗೆ ಕೊಡುವುದೇ ಇಲ್ಲ. ನಾವು ನುಂಗುವ ಅಮಾಕ್ಸಿಸಿಲಿನ್‌ನಂಥ ಔಷಧಿಯ ಅರ್ಧಕ್ಕಿಂತ ಜಾಸ್ತಿ ಭಾಗ ಹಾಗೇ ಮೂತ್ರದಲ್ಲಿ ಹೊರಗೆ ಹೋಗಿ ಮೋರಿ ಸೇರುತ್ತದೆ. ತಯಾರಾಗುವ ಕಡೆಯಂತೂ ಕೇಳುವುದೇ ಬೇಡ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಗಳ ಕೊಳಚೆ ಶುದ್ಧ ಮಾಡುವ ಘಟಕದಿಂದ ಹೊರಬಂದ ನೀರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ಸಿಕ್ಕಿತ್ತು. ಮಾತ್ರೆ ನುಂಗಿದವರ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಅಂಥ ನೀರಿನಲ್ಲಿ ಬೆಳೆದ ಕ್ರಿಮಿಗೆ ನಾಳೆ ಯಾವ ಔಷಧಿ ಕೆಲಸ ಮಾಡಬೇಕು ಹೇಳಿ? ಹಾಗಂತ ಬೇಕಾದಾಗ ಕೊಡದೆ ಇರುವವರಲ್ಲ. ಅಪ್ಪನಿಗೆ ಕಾಲಿನ ಗಾಯ ಕೀವಾದಾಗ ಅದೇ ದಿನ ಶುರು ಮಾಡಿ, ಕೋರ್ಸ್ ಮುಗಿಯುವವರೆಗೆ ಮೂರು ಸಲ ಫೋನ್ ಮಾಡಿಸಿದರು.

ಫೋನ್ ಅಂದಾಗ ನೆನಪಾಯಿತು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಹಳೆಯ ರೋಗಿಗಳ ಜೊತೆ ಫೋನಿನಲ್ಲೇ ಮಾತಾಡುತ್ತಾರೆ. ಅಮ್ಮ ಮನೆಯಲ್ಲೇ ಬಿಪಿ ನೋಡಿ ಬರೆದಿಟ್ಟು ಓದಿ ಹೇಳುತ್ತಾರೆ. ಅಷ್ಟಕ್ಕೇ ಆಟೋ ಹತ್ತಿ ಬಂದು ಕಾಯುವುದು ತಪ್ಪಿತು. ಅಪ್ಪನ ಸಕ್ಕರೆ ವಿಷಯದಲ್ಲೂ ಎಚ್‌ಬಿಎ1ಸಿ ಅನ್ನುವ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವುದು, ತಿಂಗಳು ತಿಂಗಳು ಮಾಡಿಸಿ ಪ್ರಯೋಜನ ಇಲ್ಲ ಅಂತ ನಿಲ್ಲಿಸಿದರು.

ಕಸ ವಿಂಗಡಣೆ ಬಗ್ಗೆ ಹೇಳಲೇಬೇಕು. 2016ರ ವೈದ್ಯಕೀಯ ತ್ಯಾಜ್ಯದ ನಿಯಮದ ಪ್ರಕಾರ ರಕ್ತ ಮೆತ್ತಿದ ಹತ್ತಿ, ಅವಧಿ ಮುಗಿದ ಔಷಧಿ ಹಳದಿಗೆ, ಸಿರಿಂಜು ಕೊಳವೆಯಂಥ ಪ್ಲಾಸ್ಟಿಕ್ ಕೆಂಪಿಗೆ, ಸೂಜಿ ಬ್ಲೇಡು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಬಹಳ ಕಡೆ ಬಣ್ಣದ ಬುಟ್ಟಿ ಇರುತ್ತದೆ, ಒಳಗೆ ಬಗ್ಗಿ ನೋಡಿದರೆ ಎಲ್ಲಾ ಕಲಸುಮೇಲೋಗರ. ಇಲ್ಲಿಯ ನರ್ಸ್ ಅಕ್ಕ ಇಂಜೆಕ್ಷನ್ ಕೊಟ್ಟ ಕೈಯಲ್ಲೇ ಸೂಜಿಯನ್ನು ಕಟರ್‌ಗೆ ಇಟ್ಟು ಕತ್ತರಿಸುತ್ತಾರೆ, ಟಕ್ ಅಂತ ಶಬ್ದ ಬರುತ್ತದೆ, ಸೂಜಿ ಡಬ್ಬಿಯೊಳಗೆ, ಸಿರಿಂಜು ಕೆಂಪಿಗೆ. ರೋಗಿ ಜೊತೆ ಮಾತಾಡುತ್ತಿದ್ದರೂ ಕೈ ತಪ್ಪುವುದಿಲ್ಲ.

ಅಪ್ಪ ಇನ್ಸುಲಿನ್ ಶುರು ಮಾಡಿದಾಗ ನರ್ಸ್ ಅಕ್ಕನೇ ನನ್ನನ್ನು ಪಕ್ಕಕ್ಕೆ ಕರೆದು, "ಸೂಜಿ ಕಸಕ್ಕೆ ಹಾಕ್ಬೇಡಿ ಕಣ್ರೀ, ಬೆಳಿಗ್ಗೆ ಬರೋ ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ" ಅಂದರು. ಬಟ್ಟೆ ಒಗೆಯುವ ಲಿಕ್ವಿಡ್‌ನ ಗಟ್ಟಿ ಬಾಟಲಿಯಲ್ಲಿ ಸೂಜಿ ಹಾಕಿ, ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿ ಮಾಡಿ ತಂದುಕೊಡಿ ಅಂದರು. ಹಾಗೇ ಮಾಡುತ್ತಿದ್ದೇವೆ. ನಮ್ಮ ಊರು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು, ಅದನ್ನು ಮಾಡಿಕೊಟ್ಟವರ ಕೈಗೆ ನಮ್ಮ ಮನೆಯ ಸೂಜಿ ಚುಚ್ಚಬಾರದು. ಹಳೆಯ ಮಾತ್ರೆ, ಖಾಲಿ ಪಂಪನ್ನೂ ತೆಗೆದುಕೊಳ್ಳುತ್ತಾರೆ, ಹಳದಿ ಚೀಲದಲ್ಲಿ ಸುಡುವ ಘಟಕಕ್ಕೆ ಹೋಗುತ್ತದೆ.

ಕೊರತೆಗಳೂ ಇವೆ. ಟೋಕನ್ ಇಲ್ಲ. ಸೋಮವಾರ ಸಂಜೆ ಹೋದರೆ ಒಂದೂವರೆ ಗಂಟೆ ಕಾಯಬೇಕಾಗಬಹುದು. ವಯಸ್ಸಾದವರಿಗೆ ಆ ಮರದ ಬೆಂಚು ಕಷ್ಟ. ಮೂರು ಮೆಟ್ಟಿಲಿದೆ, ಗಾಲಿಕುರ್ಚಿ ಹತ್ತುವುದಿಲ್ಲ, ಇದನ್ನು ಡಾಕ್ಟರಿಗೇ ಹೇಳಿದ್ದೇನೆ, ಆದಷ್ಟು ಬೇಗ ಸರಿ ಮಾಡಿಸಬೇಕು. ಎಸಿ ಇಲ್ಲ, ಎರಡೂ ಕಡೆ ಕಿಟಕಿ ತೆರೆದಿರುತ್ತದೆ, ನನಗೆ ಅದೇ ಇಷ್ಟ, ಕೆಮ್ಮುವವರ ನಡುವೆ ಗಾಳಿ ಆಡಬೇಕು. ಏಪ್ರಿಲ್‌ನಲ್ಲಿ ಮಾತ್ರ ಸೆಕೆ. ಇಂಜೆಕ್ಷನ್ ಹಾಕಲಿಲ್ಲ ಅಂತ ಬೈದುಕೊಂಡು ಹೋದವರನ್ನೂ ನೋಡಿದ್ದೇನೆ. ಒಬ್ಬರು, ದುಡ್ಡು ಕೊಟ್ಟು ಬರಿ ಮಾತು ಕೇಳಿಸಿಕೊಳ್ಳೋಕೆ ಬರಬೇಕಾ ಅಂತ ಜೋರು ಮಾಡಿದರು. ಡಾಕ್ಟರು ಅವರನ್ನು ಕೂರಿಸಿ ಇನ್ನೊಂದು ಸಲ ಜ್ವರ ನೋಡಿ, ಮೂರನೇ ದಿನಕ್ಕೂ ಇಳಿಯದಿದ್ದರೆ ಬನ್ನಿ, ಅವತ್ತು ಫೀಸ್ ಬೇಡ ಅಂದರು. ಆ ಮೂರನೇ ದಿನದ ಫೀಸ್ ಬಿಡುವ ಪದ್ಧತಿ ಎಲ್ಲರಿಗೂ ಇದೆ.

ಕುಡಿಯುವ ನೀರಿನ ಹತ್ತಿರ ಮೊದಲು ಪೇಪರ್ ಲೋಟ ಇಟ್ಟಿದ್ದರು. ಅದರ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದಲ್ಲ ಅಂತ ಒಮ್ಮೆ ಹೇಳಿದೆ. ಮುಂದಿನ ಸಲ ಹೋದಾಗ ಸ್ಟೀಲ್ ಲೋಟ ಬಂದಿತ್ತು, ಪಕ್ಕದಲ್ಲಿ ತೊಳೆಯಲು ನಲ್ಲಿ, ಸೋಪು.

ಫೀಸು 150 ರೂಪಾಯಿ. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು, ಸಂಜೆ ಐದೂವರೆಯಿಂದ ಎಂಟೂವರೆ, ಭಾನುವಾರ ರಜೆ. ಮೊದಲ ಸಲ ಹೋಗುವವರು ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಹೋಗಿ, ಜನ ಕಮ್ಮಿ ಇರುತ್ತಾರೆ, ಮಾತಾಡಲು ಸಮಯ ಸಿಗುತ್ತದೆ. ಮನೆಯಲ್ಲಿರುವ ಮಾತ್ರೆ ಎಲ್ಲಾ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋಗಿ. ಫ್ರಿಜ್‌ನ ಬಾಗಿಲಲ್ಲಿ ಇಟ್ಟಿರುವ ಸಿರಪ್ ಮರೆಯಬೇಡಿ, ನಾವು ಮರೆತು ಮತ್ತೆ ಮನೆಗೆ ಓಡಿದ್ದೆವು.